ಬಾಯಿ ಆಡುವಾಗಲೇ ಬರೆದಿಡಿ

ಮನೆಯ ಹಿರಿಯರೇ, ಅವರನ್ನು ನೋಡಿಕೊಳ್ಳುತ್ತಿರುವ ಮಕ್ಕಳೇ,

ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬೈಗೆ ಹೋಗಿ ದಾದಿಯಾದವರು ಅರುಣಾ ಶಾನಭಾಗ. 1973ರ ನವೆಂಬರಿನಲ್ಲಿ, ತಾವು ದುಡಿಯುತ್ತಿದ್ದ ಕೆಇಎಂ ಆಸ್ಪತ್ರೆಯಲ್ಲೇ ಅತ್ಯಾಚಾರಕ್ಕೆ ಗುರಿಯಾದ ಅವರು 2015ರ ಮೇನಲ್ಲಿ ತೀರಿಕೊಳ್ಳುವವರೆಗೂ ಚೇತರಿಸಿಕೊಳ್ಳಲೇ ಇಲ್ಲ. ಅವರಿಗೆ ಸಾವಿನ ಬಿಡುಗಡೆ ಕೊಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ವರ್ಷಗಟ್ಟಲೆ ಉಣಿಸಿ, ಮೈತೊಳೆದು ಸಾಕಿದ ದಾದಿಯರು ಕೂಡದು ಎಂದರು. ಎರಡೂ ಕಡೆ ಇದ್ದದ್ದು ಕರುಳೇ. ಅರುಣಾ ಅವರ ಮನಸ್ಸಿನಲ್ಲಿ ಏನಿತ್ತೆಂದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. 2011ರಲ್ಲಿ ಅರ್ಜಿ ವಜಾ ಆಯಿತು.

ಈಗ ಆ ಮನಸ್ಸನ್ನು ಬರೆದಿಡಲು ದಾರಿಯಿದೆ. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನೊಳಗೇ ಸೇರಿದೆ ಎಂದು 2018ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2023ರಲ್ಲಿ ನಿಯಮಗಳನ್ನು ಸಡಿಲಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಲಿವಿಂಗ್ ವಿಲ್ ಸಿದ್ಧ. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ವೆಂಟಿಲೇಟರ್ ಬೇಕೇ ಬೇಡವೇ, ನಮ್ಮ ಪರವಾಗಿ ಯಾರು ಮಾತಾಡಬೇಕು ಎಂಬುದನ್ನು ಅದರಲ್ಲಿ ಬರೆಯಬಹುದು. ಆಮೇಲೂ ಚಿಕಿತ್ಸೆ ನಿಲ್ಲಿಸಲು ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆ ಇದನ್ನೇ ಜಾರಿಗೆ ತರುವಂಥದ್ದು.

ಆ ಸುತ್ತೋಲೆ ಬಂದಾಗ ದಯಾಮರಣಕ್ಕೇ ಒಪ್ಪಿಗೆ ಸಿಕ್ಕಿತೆಂದು ಹಲವರು ತಿಳಿದರು. ಅಲ್ಲ. ಚುಚ್ಚುಮದ್ದು ಕೊಟ್ಟು ಜೀವ ತೆಗೆಯುವುದು ನಮ್ಮಲ್ಲಿ ಇಂದಿಗೂ ಅಪರಾಧ. ನೆದರ್‌ಲ್ಯಾಂಡ್ಸ್ 2002ರಿಂದ ಒಪ್ಪಿಕೊಂಡಿರುವ ಅಂಥ ದಯಾಮರಣ ಇಲ್ಲಿಗೂ ಬೇಕೆನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಹೆದರಿಕೆಯಾಗುತ್ತದೆ. ಆಸ್ಪತ್ರೆ ಬಿಲ್ಲಿಗೆ ಹೊಲ ಅಡವಿಡುವ ಮನೆಯಲ್ಲಿ, "ನನ್ನನ್ನು ಕಳಿಸಿಬಿಡಿ" ಎನ್ನುವ ಅಜ್ಜಿ ತನಗಾಗಿ ಕೇಳುತ್ತಾಳೋ, ಮಕ್ಕಳ ಸಾಲ ನೋಡಲಾಗದೆ ಕೇಳುತ್ತಾಳೋ? ನೋವಿಗೆ ಮಾರ್ಫಿನ್ ಸಿಗದ ಊರಿನಲ್ಲಿ ಸಾವನ್ನು ಆಯ್ಕೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಉಪಶಾಮಕ ಆರೈಕೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗಲಿ ಎಂದು ನಿಮ್ಮ ಶಾಸಕರನ್ನು ಮೊದಲು ಕೇಳಿ.

ಮನೆಯಲ್ಲಿ ಸಾವಿನ ಮಾತೆತ್ತಿದರೆ "ಬಿಡ್ತು ಅನ್ನು" ಎನ್ನುತ್ತೇವೆ. ಈ ಒಂದು ಸಲ ಹಾಗೆನ್ನಬೇಡಿ. ಅಪ್ಪ ಅಮ್ಮ ಆಸೆ ಹೇಳಿಕೊಂಡರೆ ಕೂತು ಕೇಳಿ, ಬರೆಸಿ, ಸಹಿ ಹಾಕಿಸಿ. ಒಂದು ಪ್ರತಿ ನೋಡಿಕೊಳ್ಳುವ ವೈದ್ಯರ ಕೈಯಲ್ಲಿರಲಿ. ಕೊನೆಯವರೆಗೂ ಚಿಕಿತ್ಸೆ ಬೇಕೇ ಬೇಕು ಎಂದರೆ ಅದನ್ನೂ ಹಾಗೆಯೇ ಬರೆಸಿ.