ನಮ್ಮ ಕಾಡಿನ ಸಾಕ್ಷ್ಯ ಯಾರ ಕಪಾಟಿನಲ್ಲಿದೆ?

ಭಟ್ಕಳದ ಬಳಿಯ ತೆಂಗಿನಗುಂಡಿಯ ವಿದ್ಯಾರ್ಥಿಯೊಬ್ಬನು ನೂರು ವರ್ಷಗಳ ಹಿಂದೆ ತನ್ನ ಸೀಮೆಯಲ್ಲಿ ಯಾವ ಗಿಡಗಳು, ಯಾವ ಚಿಟ್ಟೆಗಳು ಇದ್ದುವೆಂಬುದನ್ನು ಅರಿಯಬಯಸಿದನೆನ್ನೋಣ. ಅವನು ಹೋಗಬೇಕಾದುದು ಎಲ್ಲಿಗೆ? ಭಟ್ಕಳಕ್ಕಲ್ಲ, ಕಾರವಾರಕ್ಕೂ ಅಲ್ಲ.

ಉತ್ತರ ಕನ್ನಡವು 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಇಲ್ಲಿ ಕೂಡಿಸಿದ ಮಾದರಿಗಳೂ ಅತ್ತಲೇ ಸಾಗಿದುವು. ಅರಣ್ಯಾಧಿಕಾರಿ ಟಿ. ಆರ್. ಬೆಲ್ಲರು ನಿವೃತ್ತಿಯ ಬಳಿಕವೂ ಕಾರವಾರದಲ್ಲಿ ನೆಲಸಿ, 1948ರಲ್ಲಿ ಅಲ್ಲಿಯೇ ತೀರಿಕೊಂಡರು. ಆದರೆ ಅವರ ಚಿಟ್ಟೆಗಳು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿವೆ; ಸೆಡ್ಜ್‌ವಿಕ್ಕರೊಡನೆ ಕೂಡಿಸಿದ ಸಸ್ಯಗಳು ಮುಂಬಯಿಯ ಸೇಂಟ್ ಕ್ಸೇವಿಯರ್ ಕಾಲೇಜಿನ ಬ್ಲಾಟರ್ ಸಸ್ಯಸಂಗ್ರಹದಲ್ಲಿವೆ. ಒಂದೇ ಕಾಡು, ಒಬ್ಬರದೇ ದುಡಿಮೆ. ಫಲ ಮಾತ್ರ ಎರಡು ಖಂಡಗಳ ಪಾಲು!

ಇವನ್ನೆಲ್ಲ ಮರಳಿ ತರಿಸಬೇಕೆಂದು ನಾವು ಹೇಳುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಪುಸ್ತಕಕ್ಕೇ ಬೂಷ್ಟು ಹಿಡಿಯುವಾಗ ಒಣ ಎಲೆಯ ಪಾಡೇನು! ನಮಗೆ ಮುಖ್ಯವಾಗಿ ಬೇಕಾದುದು ಮಾದರಿಗೆ ಅಂಟಿಸಿದ ಚೀಟಿಯ ಮೇಲಣ ನಾಲ್ಕು ಸಾಲು: ಜೀವಿಯ ಹೆಸರು, ಸಿಕ್ಕಿದ ಊರು, ದಿನ, ಕೂಡಿಸಿದವರ ಹೆಸರು.

ಇದಕ್ಕೆ ಮಾರ್ಗವುಂಟು. 2001ರಲ್ಲಿ ಸ್ಥಾಪಿತವಾದ, ಕೋಪನ್‌ಹೇಗನ್ನಿನಲ್ಲಿ ಕಾರ್ಯಾಲಯವುಳ್ಳ ಜಿಬಿಐಎಫ್ ಎಂಬ ಜಾಲಕ್ಕೆ ಯಾರೂ ತಮ್ಮ ಮಾದರಿಗಳನ್ನು ಒಪ್ಪಿಸಬೇಕಾಗಿಲ್ಲ. ಆಯಾ ಸಂಗ್ರಹಾಲಯವು ತನ್ನ ಚೀಟಿಗಳ ವಿವರವನ್ನು ‘ಡಾರ್ವಿನ್ ಕೋರ್’ ಎಂಬ ಸಮಾನ ಶೀರ್ಷಿಕೆಗಳ ಕೆಳಗೆ ಬರೆದು ತನ್ನ ಗಣಕಯಂತ್ರದಿಂದ ಪ್ರಕಟಿಸುತ್ತದೆ. ಜಾಲವು ಅದರ ಪ್ರತಿಯನ್ನು ಪಡೆದು, ಎಲ್ಲ ಸಂಗ್ರಹಗಳಿಗೂ ಒಂದೇ ಸೂಚಿಯನ್ನು ಕಟ್ಟುತ್ತದೆ. ಮೂಲ ದಾಖಲೆಯನ್ನು ತಿದ್ದುವ ಹೊಣೆ ಮಾತ್ರ ಸಂಗ್ರಹಾಲಯದ್ದೇ. ಹೀಗಿರುವಾಗ, ಕೊಟ್ಟರೆ ಕಳೆದುಹೋದೀತೆಂಬ ಅಂಜಿಕೆ ನಮಗೆ ಅರ್ಥವಾಗದು.

ಒಂದು ಅಂಜಿಕೆಯನ್ನು ಮಾತ್ರ ನಾವು ಒಪ್ಪುತ್ತೇವೆ. ಕತ್ತಲೆಕಾನಿನ ಜೌಗು ಕಾಡಿನ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಮರಕ್ಕೆ ಶಾಸ್ತ್ರೀಯ ಹೆಸರು ದೊರೆತುದೇ 2000ದಲ್ಲಿ. ಇಂತಹ ಅಪೂರ್ವ ಜೀವಿ ನಿಂತಿರುವ ಅಡಿ ಜಾಗವನ್ನು ಜಗತ್ತಿಗೆಲ್ಲ ಸಾರುವುದು ವಿವೇಕವಲ್ಲ. ಅಲ್ಲಿ ಸ್ಥಳವನ್ನು ಸ್ಥೂಲವಾಗಿ ತೋರಿಸಿದರೆ ಸಾಕು. ಅದಕ್ಕಾಗಿ ಇಡೀ ಪೆಟ್ಟಿಗೆಗೆ ಬೀಗ ಜಡಿಯಬೇಕಾಗಿಲ್ಲ.

ಚೀಟಿಯಲ್ಲಿ ‘ಕೆನರಾ’ ಎಂದಷ್ಟೇ ಇದ್ದರೆ ಅದು ಕಾರವಾರದ ಕಡೆಯದೋ ಮಂಗಳೂರಿನ ಕಡೆಯದೋ ದೂರದವರಿಗೆ ತಿಳಿಯುವ ಬಗೆಯಿಲ್ಲ. ಹೊನ್ನಾವರವನ್ನು ‘ಓನೋರ್’ ಎಂದು ಬರೆದ ಕಾಲವೂ ಒಂದಿತ್ತು. ಹಳ್ಳ, ಗುಡ್ಡ, ಕೇರಿಗಳ ಹೆಸರು ಹೀಗೆ ಕೆಟ್ಟಿರುವಲ್ಲಿ ತೆಂಗಿನಗುಂಡಿಯ ಆ ಹುಡುಗನೇ ಲಂಡನ್ನಿನ ಪಂಡಿತರಿಗೆ ಊರು ತೋರಿಸಬಲ್ಲನು. ಆದರೆ ಆ ಚೀಟಿ ಮೊದಲು ಅವನ ಕಣ್ಣಿಗೆ ಬೀಳಬೇಕಷ್ಟೆ.