ಲಾವಕ್ಕಿ ಫಾರಂದೋ, ಹೊಲದ್ದೋ?



ಹೋದ ಸುಗ್ಗಿ ಹಬ್ಬದ ದಿನ ಅಡುಗೆಯವರ ಹತ್ತಿರ ಒಂದು ಚೀಲ ಲಾವಕ್ಕಿ ಬಂತು. ಪುಕ್ಕ ಕಿತ್ತು ಶುಚಿ ಮಾಡಿದ್ದವು. ಎಲ್ಲಿಂದ ಬಂದವು ಎಂದು ಕೇಳಿದೆ. "ಫಾರಂದವು, ಸುಮ್ಮನೆ ತಿನ್ನು ತಮ್ಮಾ" ಎಂದು ನಕ್ಕರು. ತಿಂದೆ. ನಿಲಂಗಾ ಕಡೆಯ ಜೋಳದ ಹೊಲದಲ್ಲಿ ಬಲೆ ಹಾಕಿ ಹಿಡಿದವು ಎಂದು ಗೊತ್ತಾದದ್ದು ಆಮೇಲೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬೈಯುವುದಾದರೆ ನನ್ನಿಂದಲೇ ಶುರುಮಾಡಿ.

ಈ "ಫಾರಂದು" ಎಂಬ ಮಾತಿನ ಹಿಂದೆ ಒಂದು ಕಥೆ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹಳೆಯ 4ನೇ ಅನುಸೂಚಿಯಲ್ಲಿ ಲಾವಕ್ಕಿಗಳೂ ಇದ್ದವು. ಹಾಗಾದರೆ ಫಾರಂನಲ್ಲಿ ಸಾಕುವ ಜಪಾನಿ ಲಾವಕ್ಕಿಯೂ ವನ್ಯಜೀವಿಯೇ? ಹೌದು ಎಂದು ತಿಳಿದ ಕೇಂದ್ರ ಪರಿಸರ ಸಚಿವಾಲಯ 2011ರಲ್ಲಿ ಹೊಸ ಫಾರಂಗಳಿಗೆ ತಡೆ ಹಾಕಿತು. ಸಾಲ ಮಾಡಿ ಶೆಡ್ ಕಟ್ಟಿದವರು ಕೂಗಾಡಿದರು. ಕೊನೆಗೆ ಸಚಿವಾಲಯವೇ ಪಟ್ಟು ಸಡಿಲಿಸಿತು. ನನ್ನ ಮಟ್ಟಿಗೆ ಸಾಕುವವರು ಹೇಳಿದ್ದೇ ಸರಿ. ಅದು 1974ರಲ್ಲಿ ಸಾಕುವುದಕ್ಕೆಂದೇ ಹೊರದೇಶದಿಂದ ತಂದ ಹಕ್ಕಿ, ಆರೇಳು ವಾರಕ್ಕೆ ಮೊಟ್ಟೆ ಇಡುತ್ತದೆ. ನಮ್ಮ ಹೊಲದ ಮಳೆ ಲಾವಕ್ಕಿಯ ಜಾತಿಯೇ ಬೇರೆ.

ಆದರೆ ಪುಕ್ಕ ಕಿತ್ತ ಮೇಲೆ ಯಾವುದು ಯಾವುದು ಎಂದು ಬಿಎಸ್ಸಿ ಓದಿದ ನನಗೂ ತಿಳಿಯಲಿಲ್ಲ. ಬಲೆಯವರಿಗೆ ಬೇಕಾದದ್ದೂ ಅದೇ. ರೈತರಿಗೆ ಸಿಕ್ಕ ನ್ಯಾಯವನ್ನು ಕಳ್ಳರು ಹೊದ್ದುಕೊಂಡಿದ್ದಾರೆ, ನಾವು ಗೊತ್ತಿದ್ದೂ ಗೊತ್ತಿಲ್ಲದವರಂತೆ ತಟ್ಟೆ ಚಾಚುತ್ತೇವೆ.

"ಕಾಯ್ದೆ ಇರುವುದು ಬಡವರನ್ನು ಹಿಂಸಿಸಲಿಕ್ಕೆ" ಎನ್ನುವ ಹಿರಿಯರಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಉಮರ್ಗಾದಿಂದ ಹೆದ್ದಾರಿ ಹಿಡಿದರೆ ಸೊಲ್ಲಾಪುರ, ಅದರಾಚೆ ನಾನ್ನಜ್. ಅಲ್ಲಿ ಮಾಳಢೋಕ್, ಅಂದರೆ ನಮ್ಮ ಎರ್ಲಡ್ಡು ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯ ಮಾಡಿದರು. 8,496 ಚದರ ಕಿಲೋಮೀಟರ್! ಊರು, ಹೊಲ, ರಸ್ತೆ ಎಲ್ಲ ಅದರೊಳಗೇ. ಸ್ವಂತ ಜಮೀನು ಮಾರಲಿಕ್ಕೂ ತೊಡಕಾಗಿ ಜನ ಹಕ್ಕಿಯನ್ನೇ ಶಪಿಸಿದರು. ಕೋರ್ಟು, ಸಮಿತಿ ಎಂದು ಅಲೆದು ಅದು ಸುಮಾರು 1,222 ಚದರ ಕಿಲೋಮೀಟರ್‌ಗೆ ಇಳಿಯುವ ಹೊತ್ತಿಗೆ ಮೂವತ್ತು ವರ್ಷ ದಾಟಿತ್ತು. ಅಷ್ಟರಲ್ಲಿ ಹಕ್ಕಿಯೂ ಹೆಚ್ಚುಕಡಿಮೆ ಮುಗಿದಿತ್ತು. ಅದು ನಕ್ಷೆ ಬರೆದವರ ತಪ್ಪು. ಅದನ್ನು ತೋರಿಸಿ ನಿಲಂಗಾದ ಬಲೆಗೆ ಮಾಫಿ ಕೇಳಬೇಡಿ. ಆ ಬಲೆಯಿಂದ ಯಾವ ಬಡವನ ಹೊಲ ಉಳಿಯಿತು?

ಗಿಳಿಯ ವಿಷಯವೂ ಇದೇ. ನಮ್ಮ ಸಭೆಯ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಪಂಜರ ತೂಗುತ್ತದೆ. ಲವ್ ಬರ್ಡ್ಸ್ ಆದರೆ ಸರಿ, ಹೊರದೇಶದವು. ಕೊರಳಲ್ಲಿ ಕೆಂಪು ಪಟ್ಟಿಯ ನಮ್ಮ ಹಸಿರು ಗಿಳಿ 2022ರ ತಿದ್ದುಪಡಿಯ ನಂತರ 2ನೇ ಅನುಸೂಚಿಯಲ್ಲಿದೆ, ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಸಂತೆಯಲ್ಲಿ ಕೊಂಡ ಗಿಳಿಗೆ "ಯೇಸು ನಿಮ್ಮನ್ನು ಪ್ರೀತಿಸುತ್ತಾನೆ" ಎಂದು ಕಲಿಸಿದರೆ ಕೇಸು ತಪ್ಪುವುದಿಲ್ಲ.

ಇನ್ನು ಬೈಬಲ್ ಹಿಡಿದು ವಾದಿಸುವವರು. ಅರಣ್ಯದಲ್ಲಿ ದೇವರೇ ಇಸ್ರಾಯೇಲ್ಯರಿಗೆ ಲಾವಕ್ಕಿ ಕೊಡಲಿಲ್ಲವೇ ಅನ್ನುತ್ತಾರೆ. ಕೊಟ್ಟರು, ವಿಮೋಚನಕಾಂಡ 16ರಲ್ಲಿದೆ. ಅಷ್ಟಕ್ಕೇ ಪುಸ್ತಕ ಮುಚ್ಚಬೇಡಿ, ಅರಣ್ಯಕಾಂಡ 11ನ್ನೂ ತೆಗೆಯಿರಿ. ಆಸೆಗೆ ಬಿದ್ದು ರಾಶಿ ಹಾಕಿದವರಿಗೆ ಮಾಂಸ ಇನ್ನೂ ಹಲ್ಲಿನ ನಡುವೆ ಇರುವಾಗಲೇ ಏನಾಯಿತು ಎಂದು ಅಲ್ಲಿ ಬರೆದಿದೆ. ಧರ್ಮೋಪದೇಶಕಾಂಡ 22ರಲ್ಲಿ ಗೂಡಿನ ತಾಯಿಹಕ್ಕಿಯನ್ನು ಬಿಟ್ಟುಬಿಡಬೇಕೆಂಬ ವಿಧಿಯೂ ಇದೆ. ಯಾವ ಹಕ್ಕಿಯನ್ನು ಮುಟ್ಟಬಾರದು ಎಂಬ ಜಗಳ ದಿಲ್ಲಿಯಲ್ಲಿ ಹುಟ್ಟಿದ್ದಲ್ಲ.

ಬರುವ ಸುಗ್ಗಿ ಹಬ್ಬಕ್ಕೆ ಯೌವನಸ್ಥರ ಕೂಟದ ಪರವಾಗಿ ಒಂದೇ ಬೇಡಿಕೆ ಇಡುತ್ತಿದ್ದೇನೆ. ಲಾವಕ್ಕಿ ತರುವವರು ಫಾರಂ ಬಿಲ್ ತರಲಿ, ಇಲ್ಲವಾದರೆ ಹಿಂದಿನಂತೆ ಕೋಳಿ ಸಾರು ಮಾಡೋಣ. ಬಿಲ್ ಇಲ್ಲದ ಚೀಲ ಬಂದರೆ ಆ ದಿನ ಬಡಿಸಲು ನಾನು ನಿಲ್ಲುವುದಿಲ್ಲ. ಕಮಿಟಿಯ ಹಿರಿಯರಿಗೆ ಈಗಲೇ ತಿಳಿಸಿದ್ದೇನೆ.