ಪೇಸ್‌ಮೇಕರ್ ಇದ್ದವರು ಮೊಬೈಲ್ ಮುಟ್ಟಬಾರದೇ?

'ಪೇಸ್‌ಮೇಕರ್ ಹಾಕಿಸಿಕೊಂಡವರು ಮೊಬೈಲ್ ಮುಟ್ಟುವಂತಿಲ್ಲ.' ಇಂಥ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ತಿಕೋಟಾದಲ್ಲೋ ಬಬಲೇಶ್ವರದಲ್ಲೋ ಅಜ್ಜ ಒಬ್ಬರು ಇದನ್ನು ನಂಬಿ, ವಿಜಯಪುರದ ಡಾಕ್ಟರು ಹೇಳಿದ ಆಪರೇಷನ್ ಮುಂದೂಡಿದರೆ ಅಪಾಯ ಮೊಬೈಲಿನದಲ್ಲ, ತೀರಾ ನಿಧಾನವಾದ ಹೃದಯಬಡಿತದ್ದು. ಎಚ್ಚರ ತಪ್ಪಿ ಬೀಳಬಹುದು.

ಹೃದಯಕ್ಕೆ ತನ್ನದೇ ಕರೆಂಟ್ ಇದೆ. ಅದು ಕೈಕೊಟ್ಟಾಗ ಪೇಸ್‌ಮೇಕರ್ ವೈರಿನ ಮೂಲಕ ಸಣ್ಣ ವಿದ್ಯುತ್ ಮಿಡಿತ ಕಳಿಸುತ್ತದೆ. ಇದನ್ನು ದೇಹದೊಳಗೆ ಮೊದಲು ಹಾಕಿಸಿಕೊಂಡವರು ಸ್ವೀಡನ್ನಿನ ಅರ್ನೆ ಲಾರ್ಸನ್, 1958ರಲ್ಲಿ. ಯಂತ್ರ ಬದಲಿಸುತ್ತಲೇ ಅವರು 2001ರವರೆಗೆ ಬದುಕಿದರು.

ಹಾಗಾಗಿ ಮೊಬೈಲ್ ಧಾರಾಳವಾಗಿ ಬಳಸಿ. ಯಂತ್ರದಿಂದ 15 ಸೆಂ.ಮೀ. ದೂರವಿರಲಿ, ಇನ್ನೊಂದು ಬದಿಯ ಕಿವಿಗೆ ಹಿಡಿಯಿರಿ. ಎದೆಯ ಜೇಬಿನಲ್ಲಿ ಮಾತ್ರ ಬೇಡ (ನಮ್ಮ ಕಡೆ ಅದೇ ರೂಢಿ!). ವೆಲ್ಡಿಂಗ್ ಕೆಲಸ, ಎಂಆರ್‌ಐ ಇದ್ದರೆ ಮೊದಲೇ ಡಾಕ್ಟರನ್ನು ಕೇಳಿ.